ಇಳಿದರೆ ಹತ್ತಲಾಗದ ಸವಾರ

ನಮ್ಮ ಭಾವ ಸುಳ್ಳುಗಾರರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ಬೇರೆ ಅಭಿಪ್ರಾಯ ಬರುವ ಸಂಭವವಿದೆ. ಅವರು ಸೋಫಾ ಅಂಗಡಿಯಲ್ಲಿ ಮಾರಾಟದ ಕೆಲಸದಲ್ಲಿದ್ದಾರೆ, ಅಷ್ಟೇ. ಆ ಕೆಲಸದಲ್ಲಿ ಗಿರಾಕಿ ಏನಾಗಿದ್ದಾರೋ ಮಾರುವವನೂ ಸ್ವಲ್ಪ ಹೊತ್ತು ಅದೇ ಆಗಬೇಕಾಗುತ್ತದೆ. ಮೀನು ಹಿಡಿಯುವ ಹುಚ್ಚಿನವರು ಬಂದರೆ ಭಾವ ಗಾಳ ಹಾಕಿಯೇ ಬೆಳೆದವರು. ಮೊಣಕಾಲು ನೋವಿನವರು ಬಂದರೆ ಭಾವ ಕುಂಟುತ್ತಲೇ ಎದ್ದು ಬಂದು ಸ್ವಾಗತಿಸುತ್ತಾರೆ. ಒಮ್ಮೆ ಅವಳಿ ಮಕ್ಕಳ ತಾಯಿಯೊಬ್ಬರ ಮುಂದೆ ಅರ್ಧ ಗಂಟೆ ಅವಳಿ ಮಕ್ಕಳ ತಂದೆಯಾಗಿದ್ದರು. ನನ್ನ ಅಕ್ಕನಿಗೆ ಇರುವುದು ಒಬ್ಬಳೇ ಮಗಳು, ಅವಳೂ ಹಾಸ್ಟೆಲಿನಲ್ಲಿ.

ಇಂಥ ಭಾವನ ಅಂಗಡಿಗೆ ಒಂದು ದಿನ ಕೆಸರು ಮೆತ್ತಿದ ಬೂಟು ಹಾಕಿಕೊಂಡ ಒಬ್ಬ ಹಿರಿಯ ಹೆಂಗಸು ಬಂದರು. ಊರಾಚೆ ಕುದುರೆ ಲಾಯ ನಡೆಸುವವರು. ಎಲ್ಲರೂ ಅವರನ್ನು ಲಾಯದಮ್ಮ ಅನ್ನುತ್ತಾರೆ. ಆಕೆ ಅಂಗಡಿಯ ಪ್ರತಿಯೊಂದು ಸೋಫಾದ ಮೇಲೂ ಕೂತರು, ಎದ್ದರು, ಮತ್ತೆ ಮೊದಲಿನದಕ್ಕೇ ಬಂದು ಕೂತರು. ಎರಡು ಗಂಟೆ ಕಳೆಯಿತು. ಭಾವ ಮುಖದ ನಗು ಮಾಸದಂತೆ ಪಕ್ಕದಲ್ಲೇ ನಿಂತು, "ಅವಸರ ಇಲ್ಲ ಮೇಡಂ, ನಿಧಾನವಾಗಿ ನೋಡಿ" ಅನ್ನುತ್ತಲೇ ಇದ್ದರು.

"ಮೂವತ್ತು ವರ್ಷ ಕುದುರೆ ಮೇಲೆ ಕೂತು ನನ್ನ ಸೊಂಟ ಸೊಂಟವಾಗಿ ಉಳಿದಿಲ್ಲ ಕಣ್ರೀ" ಅಂದರು ಲಾಯದಮ್ಮ.

"ಅಯ್ಯೋ, ನನ್ನದೂ ಅದೇ ಕಥೆ ಮೇಡಂ!"

"ಓಹೋ, ನೀವೂ ಸವಾರರಾ?"

ವಾಪಸು ಬರಲು ಇನ್ನೂ ದಾರಿಯಿತ್ತು. ಆದರೆ ಆ ಹೊತ್ತಿಗೆ ಆಕೆ ಕೂತಿದ್ದದ್ದು ಅಂಗಡಿಯ ಅತ್ಯಂತ ದುಬಾರಿ ಸೋಫಾದ ಮೇಲೆ. ಭಾವ ಕಣ್ಣನ್ನು ದೂರಕ್ಕೆ ನೆಟ್ಟು, "ಒಂದು ಕಾಲದಲ್ಲಿ..." ಅಂದರು.

"ಓಟದ್ದೋ, ದೂರದ್ದೋ?"

ಎರಡಕ್ಕೂ ಏನು ವ್ಯತ್ಯಾಸ ಅಂತ ಭಾವನಿಗೆ ಗೊತ್ತಿರಲಿಲ್ಲ. ಓಟ ಅನ್ನುವ ಮಾತಿನಲ್ಲಿ ಅಪಾಯವಿದ್ದಂತೆ ಕಂಡಿತು. "ದೂರದ್ದೇ ಮೇಡಂ" ಅಂದುಬಿಟ್ಟರು.

ಸೋಫಾ ಮಾರಾಟವಾಯಿತು. ಮಾರನೆಯ ದಿನ ಆಕೆ ಮತ್ತೆ ಬಂದಾಗ ಭಾವ, ಸೋಫಾದ ಕಾಲೇ ಮುರಿದಿರಬೇಕು ಅಂದುಕೊಂಡರು. ಆಕೆ ಬಂದದ್ದು ಭಾವನನ್ನು ಕರೆದುಕೊಂಡು ಹೋಗಲು.

ವಿಷಯ ಇಷ್ಟು. ಎರಡು ತಿಂಗಳಲ್ಲಿ ದೂರ ಸವಾರಿಯ ಸ್ಪರ್ಧೆ. ನಲವತ್ತು ಕಿಲೋಮೀಟರ್. ಇದರಲ್ಲಿ ಯಾರು ಮೊದಲು ಬಂದರು ಅನ್ನುವುದಕ್ಕಿಂತ, ಕುದುರೆಯನ್ನು ದಣಿಸದೆ, ಕುಂಟಿಸದೆ, ನೆಟ್ಟಗೆ ಕರೆತಂದರೇ ಇಲ್ಲವೇ ಅನ್ನುವುದು ಮುಖ್ಯ. ಮುಗಿಸಿದವರೆಲ್ಲ ಗೆದ್ದಂತೆಯೇ. ಲಾಯದಮ್ಮನ ಹತ್ತಿರ ಒಂದು ಮುದಿ ಹೆಣ್ಣು ಕುದುರೆ, ಅದನ್ನು ಎಲ್ಲರೂ ಕರೆಯುವುದೇ ಅಜ್ಜಿ ಅಂತ. ಅಜ್ಜಿಯನ್ನು ಕೊನೆಯದಾಗಿ ಒಮ್ಮೆ ಆ ದಾರಿಯಲ್ಲಿ ಕಳಿಸಬೇಕು ಅನ್ನುವುದು ಆಕೆಯ ಆಸೆ. ತನಗೆ ಸೊಂಟವಿಲ್ಲ. ಹುಡುಗರು ಹತ್ತಿದರೆ ಓಡಿಸುತ್ತಾರೆ. ಅಜ್ಜಿಗೆ ಅವಸರ ಮಾಡಿದರೆ ಆಗುವುದಿಲ್ಲ.

"ನಿನ್ನೆ ಎರಡು ಗಂಟೆ ನನ್ನನ್ನ ಸಹಿಸಿಕೊಂಡ್ರಲ್ಲ, ಆಗಲೇ ತೀರ್ಮಾನ ಮಾಡಿದೆ. ಅಜ್ಜಿಗೆ ನೀವೇ ಸರಿ" ಅಂದರು.

ಭಾವ ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಮಾಲೀಕರು ಹೊರಗೆ ಬಂದರು. "ಏನಯ್ಯಾ, ಇಷ್ಟು ವರ್ಷ ನನ್ನ ಹತ್ತಿರ ಮುಚ್ಚಿಟ್ಟಿದ್ದೀಯಲ್ಲ! ಹೋಗಿ ಬಾ, ಅಂಗಡಿಯ ಹೆಸರು ಕುದುರೆ ಬೆನ್ನ ಮೇಲೆ ಹೋಗಲಿ!"

ಸಂಜೆ ಭಾವ ಮನೆಗೆ ಬಂದು ವಿಷಯ ಹೇಳಿದಾಗ ಅಕ್ಕ ಅನ್ನದ ಪಾತ್ರೆ ಹಿಡಿದುಕೊಂಡೇ ನಿಂತಳು.

"ರೀ, ಮಂಚದಿಂದ ಇಳಿಯೋವಾಗ ಚಪ್ಪಲಿ ಹುಡುಕೋಕೆ ನನ್ನ ಕೂಗ್ತೀರಿ. ನೀವು ಕುದುರೆ ಹತ್ತೋದಾ?"

"ಕೂರೋದು ತಾನೇ ಕಣೇ? ನಾನು ಜೀವನದಲ್ಲಿ ಮಾಡಿರೋದು ಅದೊಂದೇ ಕೆಲಸ."

"ಸೋಫಾ ನಡೆಯಲ್ಲ ಕಣ್ರೀ!"

ಎರಡೇ ದಿನದಲ್ಲಿ ಸುದ್ದಿ ಬೀದಿಯೆಲ್ಲ ತುಂಬಿತು. ಎದುರುಮನೆಯ ನಿವೃತ್ತ ಪೋಸ್ಟ್ ಮಾಸ್ಟರು ಬಂದು, "ನಿಮ್ಮ ಕಾಲು ನೋಡಿದಾಗಲೇ ಅಂದುಕೊಂಡಿದ್ದೆ, ಇದು ಸವಾರನ ಕಾಲೇ" ಅಂದರು. ಭಾವನ ಕಾಲು ಸ್ವಲ್ಪ ಬಿಲ್ಲಿನ ಹಾಗೆ ಬಾಗಿರುವುದು ನಿಜ, ಆದರೆ ಅದಕ್ಕೆ ಕಾರಣ ಕುದುರೆಯಲ್ಲ. ಮಾಲೀಕರು ಕರಪತ್ರ ಮಾಡಿಸಿದರು. ನಾನು ಕೆಲಸ ಮಾಡುವ ಮುದ್ರಣಾಲಯಕ್ಕೇ ಅದು ಬಂತು. ಕರಡು ತಿದ್ದುವವನು ನಾನೇ. "ಪ್ರಸಿದ್ಧ ಅಶ್ವಾರೋಹಿ" ಅಂತ ಇರಬೇಕಾದಲ್ಲಿ ಅಕ್ಷರ ಜೋಡಿಸುವವನು "ಪ್ರಸಿದ್ಧ ಅಶ್ವರೋಗಿ" ಅಂತ ಮಾಡಿದ್ದ. ನಾನು ತಿದ್ದಿದೆ. ಯಾವುದು ಸರಿ ಅಂತ ಆಗ ನನಗೂ ಖಾತ್ರಿ ಇರಲಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ ಮಾಲೀಕರ ಸ್ವಂತ ರಚನೆ: "ನಮ್ಮ ಸೋಫಾದಲ್ಲಿ ಕೂತವರು ಎಲ್ಲಿ ಬೇಕಾದರೂ ಕೂರಬಲ್ಲರು!"

ಲಾಯದ ಮೊದಲ ದಿನ ಭಾವ ಸ್ಟೂಲಿನ ಮೇಲೆ ನಿಂತು, ಜೀನು ಹಿಡಿದು, ಈ ಕಡೆಯಿಂದ ಹತ್ತಿದರು, ಹತ್ತಿದ ರಭಸಕ್ಕೆ ಆ ಕಡೆಯಿಂದ ಇಳಿದರು. ನಡುವೆ ಕುದುರೆ ಇತ್ತು ಅನ್ನುವುದು ಅಜ್ಜಿಗೂ ಗೊತ್ತಾದಂತಿರಲಿಲ್ಲ.

"ಹತ್ತಿ ಎಷ್ಟು ಕಾಲ ಆಯ್ತು?" ಕೇಳಿದರು ಲಾಯದಮ್ಮ.

"ತುಂಬಾ ಕಾಲ ಆಯ್ತು ಮೇಡಂ" ಅಂದರು ಭಾವ ಹುಲ್ಲಿನ ಮೇಲಿಂದ. ಹುಟ್ಟಿ ನಲವತ್ತೇಳು ವರ್ಷವಾಗಿದ್ದರಿಂದ ಇದೂ ಸುಳ್ಳಲ್ಲ.

"ಜಂಗು ಹಿಡಿದಿದೆ. ಬಿಡಿ, ಉಜ್ಜೋಣ."

ಉಜ್ಜಿದರು. ದಿನಾ ಬೆಳಗ್ಗೆ ಉಜ್ಜಿದರು. ಭಾವ ಬಿದ್ದರು, ಎದ್ದರು, ತೊಡೆ ತರಚಿಕೊಂಡರು, ಮನೆಯಲ್ಲಿ ಎರಡು ದಿಂಬಿನ ಮೇಲೆ ಕೂತು ಊಟ ಮಾಡಿದರು. ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಸೋಫಾದ ಕೈಮೇಲೆ ಕಾಲು ಇಳಿಬಿಟ್ಟು ಕೂತು, ಮೇಲೆ ಕೆಳಗೆ ಕುಪ್ಪಳಿಸಿ ಅಭ್ಯಾಸ ಮಾಡಿದರು. ಒಮ್ಮೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಾಗಿಲಲ್ಲಿ ನಿಂತು ಇದನ್ನು ನೋಡಿ, ಒಳಗೆ ಬರದೇ ಹೋಯಿತು. ಪ್ರತಿ ರಾತ್ರಿ ಅಕ್ಕ ಎಣ್ಣೆ ಕಾಯಿಸುತ್ತ, "ನಾಳೆ ಹೋಗಿ ನಿಜ ಹೇಳಿಬಿಡಿ" ಅನ್ನುತ್ತಿದ್ದಳು. ಪ್ರತಿ ಬೆಳಗ್ಗೆ ಭಾವ, "ಇವತ್ತು ಹೇಳ್ತೀನಿ" ಅಂತ ಹೊರಡುತ್ತಿದ್ದರು. ಆದರೆ ಲಾಯಕ್ಕೆ ಹೋದ ಕೂಡಲೇ ಅಜ್ಜಿ ಬಾಗಿಲ ಮೇಲಿಂದ ತಲೆ ಹಾಕಿ ಅವರ ಅಂಗಿಯ ಜೇಬು ಮೂಸುತ್ತಿದ್ದಳಂತೆ. "ಅವಳ ಮುಂದೆ ಹೇಗೆ ಹೇಳೋದೋ?" ಅಂತ ನನ್ನನ್ನು ಕೇಳಿದರು.

ಅಂತೂ ಎರಡು ತಿಂಗಳಲ್ಲಿ ಭಾವ ಕುದುರೆಯ ಮೇಲೆ ಕೂರಬಲ್ಲವರಾದರು. ನಡೆಸಿದರೂ ಕೂತಿರುತ್ತಿದ್ದರು, ಸಣ್ಣಗೆ ಓಡಿಸಿದರೂ ಕೂತಿರುತ್ತಿದ್ದರು. ಒಂದೇ ಒಂದು ಬಾಕಿ ಉಳಿಯಿತು. ಸ್ಟೂಲಿಲ್ಲದೆ ನೆಲದಿಂದ ಹತ್ತಲು ಅವರಿಗೆ ಆಗಲಿಲ್ಲ. ಕಾಲು ಗಿಡ್ಡ, ಹೊಟ್ಟೆ ಅಡ್ಡ. ಲಾಯದಮ್ಮ ಕೊನೆಗೆ ಒಂದೇ ಮಾತು ಹೇಳಿದರು: "ದಾರಿಯಲ್ಲಿ ಇಳೀಬೇಡಿ."

ಸ್ಪರ್ಧೆಯ ದಿನ ಬೆಳಗ್ಗೆ ಮೈದಾನಕ್ಕೆ ಹೋದರೆ ಮಾಲೀಕರು ನಮಗಿಂತ ಮೊದಲೇ ಬಂದಿದ್ದರು. ಮುಕ್ತಾಯದ ಗೆರೆಯ ಪಕ್ಕದಲ್ಲಿ ಮೂರು ಜನ ಕೂರುವ ಕೆಂಪು ಸೋಫಾ ಒಂದನ್ನು ಇಳಿಸಿ, ಅದರ ಹಿಂದೆ ಬ್ಯಾನರ್ ಕಟ್ಟಿ, ತಾವೇ ನಡುವೆ ಕೂತಿದ್ದರು. ಪಕ್ಕದಲ್ಲಿ ಪೋಸ್ಟ್ ಮಾಸ್ಟರು. ನನಗೂ ಅಕ್ಕನಿಗೂ ಸಹಾಯಕರ ಕೆಲಸ: ಬಕೆಟ್ಟು, ನೀರು, ಟವೆಲ್ಲು, ಸ್ಟೂಲು.

ಭಾವನ ಪಕ್ಕದಲ್ಲೇ ನಿಂತಿದ್ದವರು ನಮ್ಮ ಬೀದಿಯ ಕೊನೆಯ ಹಲ್ಲಿನ ಡಾಕ್ಟರು. ಹೋದ ವರ್ಷ ಮೊದಲು ಬಂದವರು. ಅವರ ಬೂಟು ಮುಖ ನೋಡಿಕೊಳ್ಳುವಂತೆ ಹೊಳೆಯುತ್ತಿತ್ತು. ಕೈಯಲ್ಲಿ ದಾರಿ ಹೇಳುವ ಗಡಿಯಾರ, ಅದು ಹೆಣ್ಣು ದನಿಯಲ್ಲಿ ಆಗಾಗ ಮಾತಾಡುತ್ತಿತ್ತು. ಅವರು ಭಾವನನ್ನು ಮೇಲಿಂದ ಕೆಳಗೆ ನೋಡಿದರು. "ಕರಪತ್ರ ಓದಿದೆ. ಯಾವ ಯಾವ ಸ್ಪರ್ಧೆ ಮಾಡಿದ್ದೀರಿ?"

"ಹೇಳಿಕೊಳ್ಳೋ ಅಂಥದ್ದು ಯಾವುದೂ ಇಲ್ಲ ಡಾಕ್ಟ್ರೇ" ಅಂದರು ಭಾವ. ಶುದ್ಧ ಸತ್ಯ. ಡಾಕ್ಟರ ಮುಖ ಗಂಭೀರವಾಯಿತು. ಇಷ್ಟು ವಿನಯ ಇರುವವನು ಅಪಾಯಕಾರಿ ಅಂದುಕೊಂಡಿರಬೇಕು.

ಬಾವುಟ ಬಿತ್ತು. ಡಾಕ್ಟರ ಕುದುರೆ ಬಾಣದಂತೆ ಹೋಯಿತು, ಉಳಿದವರು ಅವರ ಹಿಂದೆ. ಅಜ್ಜಿ ಬಾವುಟವನ್ನು ಮೂಸಿ ನೋಡಿ, ತಿನ್ನುವಂಥದ್ದಲ್ಲ ಅಂತ ಖಚಿತಪಡಿಸಿಕೊಂಡು, ಹೊರಟಳು.

"ನೋಡಿ, ಶಕ್ತಿ ಉಳಿಸ್ತಿದ್ದಾರೆ" ಅಂದರು ಪೋಸ್ಟ್ ಮಾಸ್ಟರು.

ಅರ್ಧ ದಾರಿಯಲ್ಲಿ ಒಂದು ತಪಾಸಣೆ. ಅಲ್ಲಿ ಪಶುವೈದ್ಯರು ಕುದುರೆಯ ಎದೆಬಡಿತ ನೋಡುತ್ತಾರೆ. ಬಡಿತ ಇಳಿಯದಿದ್ದರೆ ಸ್ಪರ್ಧೆಯಿಂದ ಹೊರಗೆ. ಭಾವ ಎಲ್ಲರಿಗಿಂತ ಕೊನೆಯಲ್ಲಿ ಬಂದು ಸ್ಟೂಲಿನ ಮೇಲೆ ಇಳಿದರು. ಕುದುರೆಯನ್ನು ತಂಪು ಮಾಡಲು ನಾನು ಬಕೆಟ್ಟಿನ ನೀರನ್ನು ಬೀಸಿ ಎರಚಿದೆ. ಆ ಕ್ಷಣದಲ್ಲೇ ಅಜ್ಜಿ ಒಂದು ಹೆಜ್ಜೆ ಮುಂದಿಟ್ಟಳು. ಕಾರಿನಲ್ಲಿ ಹಿಂಬಾಲಿಸಿ ಬಂದಿದ್ದ ಮಾಲೀಕರ ಕೋಟಿನ ಮೇಲೆ ನೀರು ಬಿತ್ತು.

ಪಶುವೈದ್ಯರು ಕೊಳವೆಯಿಟ್ಟು ಕೇಳಿದರು, ತಲೆಯಾಡಿಸಿದರು, ಮತ್ತೆ ಕೇಳಿದರು. "ಕುದುರೆದು ಬಹಳ ಚೆನ್ನಾಗಿದೆ" ಅಂದರು. ಆಮೇಲೆ ಭಾವನ ಕಡೆ ತಿರುಗಿ, "ನಿಮ್ಮದನ್ನ ಯಾರಾದ್ರೂ ನೋಡಿದಾರಾ? ಇಲ್ಲಿಗೇ ಕೇಳಿಸ್ತಿದೆ."

ಕುದುರೆ ಕುಂಟುತ್ತಿಲ್ಲ ಅಂತ ತೋರಿಸಲು ಅದನ್ನು ಲಗಾಮು ಹಿಡಿದು ಓಡಿಸಬೇಕು. ಭಾವ ಓಡಿದರು. ಅಜ್ಜಿ ನಡೆದಳು.

"ಓಡಬೇಕಾದ್ದು ಕುದುರೆ ಕಣ್ರೀ, ನೀವಲ್ಲ!" ಅಂದರು ಪಶುವೈದ್ಯರು.

ಭಾವ ಅಜ್ಜಿಯ ಕಿವಿಗೆ ಬಾಗಿ, ಅಂಗಡಿಯ ದನಿಯಲ್ಲಿ, "ಮೇಡಂ, ಒಂದೇ ಒಂದು ಸಲ ಟ್ರೈ ಮಾಡಿ ನೋಡಿ. ಇಷ್ಟ ಆಗದಿದ್ರೆ ಬಲವಂತ ಇಲ್ಲ" ಅಂದರು. ಅಜ್ಜಿ ಓಡಿದಳು. ಪಾಸಾದಳು. ಅಕ್ಕ ಭಾವನ ಬಾಯಿಗೆ ನೀರಿನ ಬಾಟಲಿ ಹಿಡಿದು, ಮೊದಲ ಬಾರಿಗೆ, "ಸಾಕು ಅನ್ನಿಸಿದ್ರೆ ಬಿಟ್ಟುಬಿಡಿ ರೀ. ಯಾರು ಏನಂದುಕೊಂಡ್ರೂ ಪರವಾಗಿಲ್ಲ" ಅಂತ ಮೆತ್ತಗೆ ಹೇಳಿದಳು. ಭಾವ ಕುದುರೆಯನ್ನು ನೋಡಿದರು, ಅಕ್ಕನನ್ನು ನೋಡಿದರು. "ಇಲ್ಲ ಕಣೇ. ಇನ್ನರ್ಧ ತಾನೇ" ಅಂದು ಸ್ಟೂಲು ಹತ್ತಿದರು.

ಮುಂದಿನದನ್ನು ನಾನು ಕಣ್ಣಾರೆ ಕಂಡವನಲ್ಲ. ಭಾವ ಹೇಳಿದ್ದು, ಡಾಕ್ಟರು ಆಮೇಲೆ ಒಪ್ಪಿದ್ದು, ಎರಡನ್ನೂ ಸೇರಿಸಿ ಹೇಳುತ್ತಿದ್ದೇನೆ.

ಸ್ವಲ್ಪ ದೂರದಲ್ಲಿ ಒಂದು ಹಳ್ಳ ಸಿಕ್ಕಿತು. ಅಜ್ಜಿ ನೀರು ಕುಡಿಯಲು ತಲೆ ಬಗ್ಗಿಸಿದಳು. ಭಾವ ಆ ಇಳಿಜಾರಿನಲ್ಲಿ ಯಾವ ಅವಸರವೂ ಇಲ್ಲದೆ, ಕುತ್ತಿಗೆಯ ಮೇಲಿಂದ, ಕಿವಿಗಳ ನಡುವಿನಿಂದ ಜಾರಿ, ಹಳ್ಳದಲ್ಲಿ ಕೂತರು. ಅಜ್ಜಿ ಅವರ ಪಕ್ಕದಲ್ಲೇ ನೀರು ಕುಡಿದಳು.

ಇಳಿದದ್ದಾಯಿತು. ಹತ್ತುವುದು ಹೇಗೆ? ಒಂದು ಬಂಡೆಯ ಮೇಲೆ ನಿಂತು ಹತ್ತಲು ನೋಡಿದರು. ಭಾವ ಕಾಲೆತ್ತಿದ ಕೂಡಲೇ ಅಜ್ಜಿ ಪಕ್ಕಕ್ಕೆ ಒಂದೇ ಒಂದು ಹೆಜ್ಜೆ ಇಟ್ಟಳು. ಅಷ್ಟು ಸಾಕಾಗಿತ್ತು. ಒಂದು ಮೋಟುಗೋಡೆ ಹತ್ತಿ ನಿಂತರು. ಮತ್ತೆ ಒಂದು ಹೆಜ್ಜೆ. ಈ ಬಾರಿ ಬಿದ್ದದ್ದು ಮುಳ್ಳಿನ ಪೊದೆಗೆ. ಕೊನೆಗೆ ಭಾವ ಲಗಾಮು ಹಿಡಿದು ನಡೆಯತೊಡಗಿದರು. ನಡೆಯುತ್ತ ಅವಳಿಗೆ ಮನೆಯ ಸಮಾಚಾರ, ಅಂಗಡಿಯ ಸಮಾಚಾರ, ಯಾವ ಸೋಫಾದ ಒಳಗೆ ಸ್ಪ್ರಿಂಗು ಸರಿಯಿಲ್ಲ ಅನ್ನುವ ರಹಸ್ಯ, ಎಲ್ಲವನ್ನೂ ಹೇಳಿದರು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಯಾರೂ ನೋಡುತ್ತಿರಲಿಲ್ಲ, ಅಲ್ಲೇ ಕೂತುಬಿಟ್ಟಿದ್ದರೆ ಯಾರಾದರೂ ಬಂದು ಕರೆದೊಯ್ಯುತ್ತಿದ್ದರು. ಅವರು ಕೂರಲಿಲ್ಲ.

ಒಂದು ತಿರುವಿನಲ್ಲಿ ಹಲ್ಲಿನ ಡಾಕ್ಟರು ಕಲ್ಲಿನ ಮೇಲೆ ಕೂತಿದ್ದರು. ಹೊಳೆಯುವ ಬೂಟು ಧೂಳಾಗಿತ್ತು. ಗಡಿಯಾರದ ಮಾತು ನಂಬಿ ಎಲ್ಲೋ ಹೊರಟು, ತಪ್ಪು ದಾರಿಯಲ್ಲಿ ಬಹಳ ದೂರ ಹೋಗಿ, ಹಾಳಾದ ಹೊತ್ತನ್ನು ಸರಿದೂಗಿಸಲು ಕಲ್ಲುದಾರಿಯಲ್ಲಿ ಕುದುರೆ ಓಡಿಸಿದ್ದರು. ಈಗ ಅದು ಮುಂಗಾಲೊಂದನ್ನು ಎತ್ತಿ ನಿಂತಿತ್ತು.

"ಸ್ವಲ್ಪ ಕುಂಟ್ತಿದೆ ಅಷ್ಟೇ" ಅಂದರು ಡಾಕ್ಟರು. "ಗೆರೆ ಇನ್ನೇನು ಹತ್ತಿರ. ಎಲ್ಲಾ ಸೇರಿ ಮೂರು ಕಿಲೋಮೀಟರ್. ಹತ್ತಿ ಹೋಗಿಬಿಡಲಾ? ಏನಂತೀರಿ?"

ನಮ್ಮ ಭಾವ ಜನ್ಮದಲ್ಲಿ ಯಾವ ಗಿರಾಕಿಗೂ ಇಲ್ಲ ಅಂದವರಲ್ಲ. ತಲೆ ಕೆರೆದುಕೊಂಡರು. "ಡಾಕ್ಟ್ರೇ, ನೀವು ನನ್ನ ಹಲ್ಲು ಕೊರೆಯೋವಾಗ ಒಂದು ಮಾತು ಹೇಳ್ತೀರಿ. ನೋವಾದ್ರೆ ಕೈ ಎತ್ತಿ, ನಿಲ್ಲಿಸ್ತೀನಿ ಅಂತ."

"ಹೌದು."

"ಪಾಪ, ಅದು ಕಾಲು ಎತ್ತಿದೆ."

ಡಾಕ್ಟರು ಕುದುರೆಯ ಎತ್ತಿದ ಕಾಲನ್ನು ನೋಡಿದರು. ಆಮೇಲೆ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿದರು. "ನಾನು ಮುಗಿಸಿದೆ. ನೀವು ಹೋಗಿ, ನಿಮಗೆ ಹೊತ್ತಾಗುತ್ತೆ" ಅಂದರು.

ಭಾವ ಹೋಗಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ, ಒಬ್ಬರೇ ನೋವಿನ ಕುದುರೆ ನಡೆಸಿಕೊಂಡು ಬರುವುದು ಕಷ್ಟ. ಅಜ್ಜಿಯೂ ಆ ಕುದುರೆಯ ಪಕ್ಕ ಬಿಟ್ಟು ಅಲುಗಲಿಲ್ಲ. ಭಾವ ತಮ್ಮ ಬಾಟಲಿಯ ಕೊನೆಯ ನೀರಿನಲ್ಲಿ ಟವೆಲ್ಲು ನೆನೆಸಿ ಅದರ ಕಾಲಿಗೆ ಸುತ್ತಿದರು. ನಾಲ್ವರೂ ಮೆಲ್ಲಗೆ ನಡೆದರು.

"ನೀವು ಮಾತ್ರ ಯಾಕೆ ಇಳಿದು ನಡೀತಿದ್ದೀರಿ? ನಿಮ್ಮ ಕುದುರೆ ಚೆನ್ನಾಗೇ ಇದೆಯಲ್ಲ?" ಕೇಳಿದರು ಡಾಕ್ಟರು.

"ಬಿದ್ದೆ ಡಾಕ್ಟ್ರೇ. ಆ ಹಳ್ಳದ ಹತ್ತಿರದಿಂದ ನಡೀತಾ ಇದ್ದೀನಿ."

ಡಾಕ್ಟರು ನಕ್ಕುಬಿಟ್ಟರು. "ನಿಮ್ಮ ವಿನಯಕ್ಕೊಂದು ಮಿತಿ ಬೇಡವೇನ್ರೀ! ಮುದಿ ಕುದುರೆಗೆ ಭಾರ ಆಗಬಾರದು ಅಂತ ಅರ್ಧ ದಾರಿ ನಡೆದಿದ್ದೀರಿ. ನಿಮ್ಮಂಥ ಸವಾರನನ್ನ ನಾನು ನೋಡಿಲ್ಲ."

ಇತ್ತ ಮೈದಾನದಲ್ಲಿ ಉಳಿದವರೆಲ್ಲ ಬಂದು ಆಗಿತ್ತು. ಹೊತ್ತು ಮುಗಿದ ಗಂಟೆ ಬಾರಿಸಲು ಅಧಿಕಾರಿಯೊಬ್ಬರು ಕೋಲು ಹಿಡಿದು ನಿಂತಿದ್ದರು. ಸೋಫಾದ ಮೇಲೆ ಮಾಲೀಕರು ಉಗುರು ಕಚ್ಚುತ್ತಿದ್ದರು. ಲಾಯದಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ದಾರಿ ನೋಡುತ್ತಲೇ ಇದ್ದರು. ಆಗ ದೂರದಲ್ಲಿ ಇಬ್ಬರು ಮನುಷ್ಯರು, ಎರಡು ಕುದುರೆ ಕಂಡವು.

ಜನ ಕೂಗಿದರು. ಭಾವ ಅಜ್ಜಿಯನ್ನು ಹಿಡಿದುಕೊಂಡು ಗೆರೆಯ ಹತ್ತಿರ ಬಂದರು. ಅಧಿಕಾರಿ ಕೈ ಅಡ್ಡ ಚಾಚಿದರು. "ಹೀಗೆ ದಾಟೋ ಹಾಗಿಲ್ಲ. ದಾರಿಯಲ್ಲಿ ನಡೀಬಹುದು, ಗೆರೆ ದಾಟುವಾಗ ಸವಾರ ಕುದುರೆ ಮೇಲೆ ಇರಬೇಕು. ನಿಯಮ."

ಮೈದಾನವೆಲ್ಲ ಕಾಯಿತು. "ಹತ್ತಯ್ಯಾ! ಹತ್ತು!" ಅಂತ ಕಿರುಚಿದರು ಮಾಲೀಕರು. ಭಾವ ಹತ್ತಲಿಲ್ಲ. ನನಗೆ ವಿಷಯ ಹೊಳೆಯಿತು, ಸ್ಟೂಲು ತಪಾಸಣೆಯ ಜಾಗದಲ್ಲೇ ಉಳಿದಿತ್ತು. ನಾನೂ ಮಾಲೀಕರೂ ಸೇರಿ ಸೋಫಾವನ್ನು ಎತ್ತಿ ಅತ್ತ ಒಯ್ಯಲು ನೋಡಿದೆವು, ಪೋಸ್ಟ್ ಮಾಸ್ಟರು ಇಳಿಯಲು ಮರೆತು ಅದರ ಮೇಲೆಯೇ ಇದ್ದರು. ಅಧಿಕಾರಿ ನಮ್ಮ ಕಡೆ ಕೋಲು ತೋರಿಸಿ, "ಗೆರೆಯ ಆಚೆಗೆ ಪೀಠೋಪಕರಣ ತರುವಂತಿಲ್ಲ!" ಅಂದರು. ಹೀಗೊಂದು ನಿಯಮ ಅವರ ಪುಸ್ತಕದಲ್ಲಿ ಇತ್ತೋ, ಆಗಲೇ ಹುಟ್ಟಿತೋ, ಗೊತ್ತಿಲ್ಲ.

ಭಾವ ಸುತ್ತ ನೋಡಿದರು. ಲಾಯದಮ್ಮನನ್ನು ನೋಡಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನನಗೆ ನೆಲದಿಂದ ಹತ್ತೋಕೆ ಬರಲ್ಲ. ನಾನು ಸವಾರನೇ ಅಲ್ಲ. ಸೋಫಾ ಮಾರೋ ಆತುರಕ್ಕೆ ಹಾಗಂದೆ. ತಪ್ಪಾಯ್ತು ಮೇಡಂ."

ಮಾಲೀಕರು ಕೈಬಿಟ್ಟರು, ಸೋಫಾ ನೆಲಕ್ಕೆ ಬಿತ್ತು. ಪೋಸ್ಟ್ ಮಾಸ್ಟರು ಅದರ ಮೇಲೆಯೇ ಒಂದು ಸಲ ಪುಟಿದರು.

ಲಾಯದಮ್ಮ ಹಣೆ ಒರೆಸಿಕೊಂಡರು. "ಅದು ನನಗೆ ಮೊದಲ ದಿನವೇ ಗೊತ್ತಾಯ್ತು ಮಾರಾಯ್ರೇ. ಕುದುರೆಯ ಈ ಕಡೆಯಿಂದ ಹತ್ತಿ ಆ ಕಡೆಗೆ ಬೀಳೋದು ಸವಾರರಿಗೆ ಸಾಧ್ಯವೇ ಇಲ್ಲ. ಮಾರನೇ ದಿನ ಬರಲ್ಲ ಅಂದುಕೊಂಡೆ, ಬಂದ್ರಿ. ಅದರ ಮಾರನೇ ದಿನವೂ ಬಂದ್ರಿ. ನನಗೆ ಬೇಕಾಗಿದ್ದು ಅಷ್ಟೇ. ಈಗ ಮಾತು ಸಾಕು, ಹತ್ತಿ!"

"ಹೇಗೆ ಹತ್ತಲಿ?"

ಆಗ ಹಲ್ಲಿನ ಡಾಕ್ಟರು ತಮ್ಮ ಕುದುರೆಯ ಲಗಾಮನ್ನು ಅಕ್ಕನ ಕೈಗೆ ಕೊಟ್ಟು, ಧೂಳಿನಲ್ಲಿ ಮಂಡಿಯೂರಿ, ಎರಡೂ ಕೈ ಹೆಣೆದು ಮೆಟ್ಟಿಲಿನಂತೆ ಹಿಡಿದರು. ಜನರ ಬಾಯಲ್ಲಿ ಸೂಜಿಯ ತುದಿಯಷ್ಟು ಜಾಗದಲ್ಲಿ ಕೆಲಸ ಮಾಡುವ ಕೈಗಳು ಅವು. "ಕಾಲಿಡ್ರೀ, ಬೂಟು ಒರೆಸಿಕೊಳ್ಳೋದೇನೂ ಬೇಡ" ಅಂದರು.

ಭಾವ ಕಾಲಿಟ್ಟರು, ಡಾಕ್ಟರು ಎತ್ತಿದರು. ಸ್ವಲ್ಪ ಹೆಚ್ಚಾಗಿಯೇ ಎತ್ತಿದರು. ಭಾವ ಜೀನಿನ ಮೇಲೆ ಹೊಟ್ಟೆ ಅಡ್ಡಲಾಗಿ ಬಿದ್ದರು, ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ. ನೆಟ್ಟಗಾಗಲು ಅಜ್ಜಿ ಕಾಯಲಿಲ್ಲ. ಗೆರೆಯ ಆಚೆ ಲಾಯದಮ್ಮನನ್ನು ಕಂಡವಳೇ, ಇಡೀ ದಿನ ತೋರಿಸದ ಉತ್ಸಾಹದಿಂದ ಹೊರಟುಬಿಟ್ಟಳು. ಭಾವ ಒಣಹಾಕಿದ ಕಂಬಳಿಯಂತೆ ಜೋತಾಡುತ್ತ ಗೆರೆ ದಾಟಿದರು. ಹಿಂದೆಯೇ ಗಂಟೆ ಮೊಳಗಿತು.

"ಹೀಗೆ ದಾಟಿದ್ರೆ ಲೆಕ್ಕಕ್ಕೆ ಬರುತ್ತಾ?" ಅಂತ ಯಾರೋ ತಕರಾರು ತೆಗೆದರು.

ಅಧಿಕಾರಿ ಗಡ್ಡ ನೀವಿಕೊಂಡು ಯೋಚಿಸಿದರು. "ನಿಯಮದಲ್ಲಿ ಮೇಲೆ ಇರಬೇಕು ಅಂತಿದೆ. ಕೂತಿರಬೇಕು ಅಂತಿಲ್ಲ."

ಪಶುವೈದ್ಯರು ಅಜ್ಜಿಯ ಎದೆಗೆ ಕೊಳವೆಯಿಟ್ಟು, ಇವತ್ತು ನಾನು ನೋಡಿದ ಕುದುರೆಗಳಲ್ಲಿ ಇದರಷ್ಟು ಆರಾಮಾಗಿರುವುದು ಇನ್ನೊಂದಿಲ್ಲ ಅಂದರು. ಲಾಯದಮ್ಮ ಅಜ್ಜಿಯ ಕುತ್ತಿಗೆಗೆ ಮುಖ ಒತ್ತಿ ಸ್ವಲ್ಪ ಹೊತ್ತು ಯಾರ ಕಡೆಗೂ ತಿರುಗಲಿಲ್ಲ.

ಕ್ರೀಡಾಮನೋಭಾವಕ್ಕೆ ಅಂತ ಒಂದು ಬಹುಮಾನವಿತ್ತು. ಬುಟ್ಟಿ ತುಂಬ ಕ್ಯಾರೆಟ್ಟು, ಮೇಲೊಂದು ಪದಕ. ಅದಕ್ಕೆ ಭಾವನನ್ನು ಕರೆದರು. ಭಾವ ಅದನ್ನು ಒಯ್ದು ಡಾಕ್ಟರ ಕೈಗಿಟ್ಟರು. "ನನ್ನ ದಾರಿ ಒಂದೇ ಇತ್ತು, ನಡೆಯೋದು. ಇವರಿಗೆ ಹತ್ತಿ ಹೋಗೋ ದಾರಿ ಇತ್ತು, ಹೋಗಲಿಲ್ಲ. ಇದು ಇವರದು." ಡಾಕ್ಟರು, "ಇಲ್ಲ ಇಲ್ಲ, ಇವರು ಆ ಮಾತು ಹೇಳದಿದ್ರೆ ನಾನು ಹೋಗ್ತಿದ್ದೆ" ಅಂತ ವಾಪಸು ಕೊಟ್ಟರು. ಭಾವ ಮತ್ತೆ ಕೊಟ್ಟರು. ಡಾಕ್ಟರು ಮತ್ತೆ ತಳ್ಳಿದರು. ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಈ ಔದಾರ್ಯ ಒಂದು ಹಂತಕ್ಕೆ ಬರುವ ಹೊತ್ತಿಗೆ ಬುಟ್ಟಿಯಲ್ಲಿ ಪದಕವೊಂದೇ ಉಳಿದಿತ್ತು. ಇಬ್ಬರ ನಡುವೆ ತಲೆ ತೂರಿಸಿ ನಿಂತಿದ್ದ ಅಜ್ಜಿ ಕೊನೆಯ ಕ್ಯಾರೆಟ್ಟನ್ನು ಅಗಿಯುತ್ತಿದ್ದಳು.

ಮಾಲೀಕರ ಕೋಪದ ಬಗ್ಗೆ ನನಗಿದ್ದ ಭಯ ಸುಳ್ಳಾಯಿತು. ಸೋಫಾ ಬಿದ್ದರೂ ಮುರಿಯಲಿಲ್ಲ ಅನ್ನುವುದನ್ನು ಇಡೀ ಮೈದಾನ ನೋಡಿತ್ತು. ಅಲ್ಲೇ ಮೂರು ಜನ ಬೆಲೆ ಕೇಳಿದರು.

ಹೊರಡುವ ಹೊತ್ತಿಗೆ ಡಾಕ್ಟರು ಬಂದರು. ಅವರ ಕುದುರೆಯ ಕಾಲಿಗೆ ಅಂಥ ಪೆಟ್ಟೇನೂ ಆಗಿಲ್ಲ, ಒಂದು ತಿಂಗಳ ವಿಶ್ರಾಂತಿ ಸಾಕು ಅಂತ ಪಶುವೈದ್ಯರು ಅಂದಿದ್ದರಂತೆ. "ಮುಂದಿನ ವರ್ಷ ಬರ್ತೀರಾ?" ಅಂತ ಭಾವನನ್ನು ಕೇಳಿದರು.

ಅಕ್ಕ ಭಾವನ ಮುಖ ನೋಡಿದಳು. ನಾನೂ ನೋಡಿದೆ. ಇನ್ನೊಬ್ಬರಾಗಿದ್ದರೆ ಕೈ ಮುಗಿಯುತ್ತಿದ್ದರು.

"ಬರ್ತೀನಿ ಡಾಕ್ಟ್ರೇ" ಅಂದರು ಭಾವ. "ಆದರೆ ನೀವು ಸ್ವಲ್ಪ ನಿಧಾನವಾಗಿ ಹೋಗಬೇಕು. ಬಿದ್ದರೆ ಎತ್ತಿ ಕೂರಿಸೋಕೆ ಒಬ್ಬರು ಹತ್ತಿರದಲ್ಲೇ ಇರಬೇಕಲ್ಲ."

"ಮುಂದಿನ ವರ್ಷದ ಮಾತು ಆಮೇಲೆ" ಅಂದಳು ಅಕ್ಕ, ನಮ್ಮನ್ನು ಮನೆಗೆ ಒಯ್ಯಲು ನಿಂತಿದ್ದ ವ್ಯಾನಿನ ಬಾಗಿಲು ತೆರೆದು. "ಮೊದಲು ಇದನ್ನ ಹತ್ತಿ ನೋಡೋಣ."

ಭಾವ ಬಲಗಾಲು ಎತ್ತಲು ನೋಡಿದರು. ಅದು ಏಳಲಿಲ್ಲ. ಎಡಗಾಲನ್ನು ಕೇಳಿ ನೋಡಿದರು. ಕೊನೆಗೆ ಡಾಕ್ಟರು ಮುಂದಿನಿಂದ ಎಳೆದು, ನಾನು ಹಿಂದಿನಿಂದ ತಳ್ಳಿ, ಪೋಸ್ಟ್ ಮಾಸ್ಟರು ಪಕ್ಕದಲ್ಲಿ ನಿಂತು, "ಅವಸರ ಇಲ್ಲ, ನಿಧಾನ, ನಿಧಾನ" ಅಂತ ಹೇಳುತ್ತಿರಲು, ಆ ದಿನದ ಸವಾರರಲ್ಲಿ ಎಲ್ಲರಿಗಿಂತ ಕೊನೆಯವರಾಗಿ ಬಂದವರು ವ್ಯಾನಿನೊಳಗೆ ಮಲಗಿದ ಭಂಗಿಯಲ್ಲೇ ಪ್ರವೇಶಿಸಿದರು.